'ಇಲ್ಲ' ಅಂದರೆ ಯಾರಿಗೆ ಇಲ್ಲ?

ರಾಯಚೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಹುಡುಗ ಹುಡುಗಿಯರ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಪರದೆ ಮೇಲೆ ತೋರಿಸಿದ್ದನ್ನು ಮಾತಿನಲ್ಲೇ ಹೇಳಿದ್ದೇನೆ, ನಡುವೆ ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಅವತ್ತು ಆಡಿದ ಮಾತೇ.

ಎಲ್ಲರಿಗೂ ನಮಸ್ಕಾರ. ಊಟ ಆಗಿದೆ, ಹೊರಗೆ ನಮ್ಮ ರಾಯಚೂರು ಬಿಸಿಲು ಇದೆ, ನಾನು ಡೇಟಾಬೇಸ್ ಬಗ್ಗೆ ಮಾತಾಡಬೇಕಾಗಿದೆ. ನಿದ್ದೆ ಬಂದವರು ಮಲಗಿ, ನನಗೇನೂ ಬೇಜಾರಿಲ್ಲ. ಗೊರಕೆ ಮಾತ್ರ ಬೇಡ.

ನಾನು ಅಕ್ಕಿ ಗಿರಣಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವವನು. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಹೋದಲ್ಲೆಲ್ಲ ಭತ್ತ. ಭತ್ತ ಇದ್ದಲ್ಲೆಲ್ಲ ಗಿರಣಿ, ಗಿರಣಿ ಇದ್ದಲ್ಲಿ ಒಂದು ಕಾಟಾ. ಕಾಟಾ ಅಂದರೆ ಲಾರಿ ತೂಕ ಮಾಡುವ ವೇಬ್ರಿಡ್ಜ್, ನಿಮಗೆ ಗೊತ್ತೇ ಇದೆ ಅಲ್ವಾ. ಲಾರಿ ಒಳಗೆ ಬಂದಾಗ ಒಂದು ತೂಕ, ಖಾಲಿಯಾಗಿ ಹೋಗುವಾಗ ಇನ್ನೊಂದು ತೂಕ, ವ್ಯತ್ಯಾಸವೇ ಮಾಲು. ಅದನ್ನು ಬರೆದಿಡೋಕೆ ಒಂದು ಟೇಬಲ್. ಟೇಬಲ್ ಹೆಸರು ಕೂಡ ಕಾಟಾ ಅಂತಲೇ ಇಟ್ಟಿದ್ದೆ.

ಕೆಲವು ವರ್ಷಗಳ ಹಿಂದೆ, ಸುಗ್ಗಿ ಹೊತ್ತಿನಲ್ಲಿ, ಒಂದು ಗಿರಣಿಯಲ್ಲಿ ಹೊಸ ಆವೃತ್ತಿ ಹಾಕೋಕೆ ಹೋದೆ. ಸುಗ್ಗಿಯಲ್ಲಿ ಯಾರಾದರೂ ಸಾಫ್ಟ್‌ವೇರ್ ಬದಲಾಯಿಸ್ತಾರಾ ಅಂತ ನೀವು ಕೇಳಬಹುದು. ಬುದ್ಧಿ ಇದ್ದವರು ಬದಲಾಯಿಸಲ್ಲ. ಅಲ್ಲಿದ್ದದ್ದು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್, 12ನೇ ಆವೃತ್ತಿ. ನನ್ನ ಇನ್‌ಸ್ಟಾಲರ್ ಮಾಡುವ ಕೆಲಸ ಸರಳ: ಮೊದಲು ಇನ್ಫರ್ಮೇಶನ್ ಸ್ಕೀಮಾದಲ್ಲಿ, ಅಂದರೆ ಡೇಟಾಬೇಸ್ ತನ್ನೊಳಗೆ ಏನೇನಿದೆ ಅಂತ ತೋರಿಸುವ ಪಟ್ಟಿಯಲ್ಲಿ, ಕಾಟಾ ಅನ್ನೋ ಟೇಬಲ್ ಇದೆಯಾ ಅಂತ ಕೇಳುತ್ತದೆ, ಇಲ್ಲ ಅಂದರೆ ಹೊಸದಾಗಿ ಮಾಡುತ್ತದೆ. ಕೇಳಿತು. ಉತ್ತರ: ಸೊನ್ನೆ ಸಾಲು. ಇಲ್ಲ. ಸರಿ, ಟೇಬಲ್ ಮಾಡೋಕೆ ಹೋಯಿತು. ಉತ್ತರ: ರಿಲೇಶನ್ ಆಲ್ರೆಡಿ ಎಕ್ಸಿಸ್ಟ್ಸ್. ಇದೆ!

ಇದೆಯಾ ಅಂದರೆ ಇಲ್ಲ ಅನ್ನುತ್ತದೆ. ಮಾಡ್ತೀನಿ ಅಂದರೆ ಈಗಾಗಲೇ ಇದೆ ಅನ್ನುತ್ತದೆ. ಹೊರಗೆ ಲಾರಿಗಳು ಸಾಲಾಗಿ ನಿಂತಿವೆ, ಡ್ರೈವರ್‌ಗಳು ಹಾರನ್ ಹೊಡೆಯುತ್ತಿದ್ದಾರೆ, ಮಾಲೀಕರು ನನ್ನ ಹಿಂದೆ ನಿಂತು ಏನೂ ಮಾತಾಡುತ್ತಿಲ್ಲ, ಅದು ಇನ್ನೂ ಹೆದರಿಕೆ. ನಾನು ಆ ರಾತ್ರಿ ಮಾಡಿದ ಕೆಲಸ ಹೇಳೋಕೆ ಈಗಲೂ ನಾಚಿಕೆ. ಟೇಬಲ್ ಹೆಸರಿನ ಮುಂದೆ 2 ಅಂತ ಸೇರಿಸಿದೆ. ಕಾಟಾ 2. ಓಡಿತು. ಎರಡು ದಿನ ತೂಕ ಎಲ್ಲ ಕಾಟಾ 2ಕ್ಕೆ ಹೋಗಿ ಬಿತ್ತು, ಬಿಲ್ ಮಾಡುವ ಪ್ರೋಗ್ರಾಂ ಹಳೇ ಕಾಟಾವನ್ನೇ ನೋಡುತ್ತಾ ಕೂತಿತ್ತು. ಮೂರನೇ ದಿನ ರೈತರು ಬಂದು ಕೇಳಿದರು, "ನಮ್ ಲಾರಿ ಎಲ್ಲಿ ಹೋತ್ರಿ?" ಅಂತ.

ಕಾರಣ ಗೊತ್ತಾಗೋಕೆ ಅರ್ಧ ದಿನ ಬೇಕಾಯಿತು. ಹಳೇ ಟೇಬಲ್‌ಗಳನ್ನು ಹಿಂದೆ ಯಾರೋ ಎಲ್ಲ ಹಕ್ಕೂ ಇರುವ ಸೂಪರ್‌ಯೂಸರ್ ಆಗಿ ಲಾಗಿನ್ ಆಗಿ ಮಾಡಿಟ್ಟಿದ್ದರು. ನನ್ನ ಇನ್‌ಸ್ಟಾಲರ್ ಬೇರೆ ಯೂಸರ್ ಹೆಸರಲ್ಲಿ ಓಡುತ್ತಿತ್ತು. ಆ ಯೂಸರ್‌ಗೆ ಕಾಟಾ ಟೇಬಲ್ ಮೇಲೆ ಓದುವ ಹಕ್ಕೂ ಇಲ್ಲ, ಬರೆಯುವ ಹಕ್ಕೂ ಇಲ್ಲ. ಹಕ್ಕಿಲ್ಲದ ಟೇಬಲನ್ನು ಇನ್ಫರ್ಮೇಶನ್ ಸ್ಕೀಮಾ ತೋರಿಸುವುದೇ ಇಲ್ಲ. ನಿನಗೆ ಅನುಮತಿ ಇಲ್ಲ ಅಂತ ಬೈಯುವುದೂ ಇಲ್ಲ. ಸುಮ್ನೆ ಸೊನ್ನೆ ಸಾಲು ಕೊಟ್ಟು ಕೂರುತ್ತದೆ. ಆದರೆ ಹೊಸ ಟೇಬಲ್ ಮಾಡುವಾಗ ಪೋಸ್ಟ್‌ಗ್ರೆಸ್ ನೋಡುವುದು ತನ್ನ ಅಸಲಿ ದಾಖಲೆಯನ್ನು, ಅಲ್ಲಿ ಹೆಸರು ಇದ್ದೇ ಇದೆ. ಎರಡೂ ಉತ್ತರ ಸರಿ. ನಾನು ಕೇಳಿದ್ದು ಒಂದು ಪ್ರಶ್ನೆ, ಅದು ಉತ್ತರ ಕೊಟ್ಟಿದ್ದು ಇನ್ನೊಂದು ಪ್ರಶ್ನೆಗೆ. ಅಷ್ಟೇ.

ಇಲ್ಲಿ ಯಾರ ಮನೆಯಲ್ಲಿ ಹತ್ತಿ ಬೆಳೆಯುತ್ತಾರೆ? ಕೈ ಎತ್ತಿ. ಓ, ಅರ್ಧ ಸಭೆ. ನೀವು ಅಪ್ಪನ ಜೊತೆ ಅಡತಿ ಅಂಗಡಿಗೆ ಹೋಗಿರ್ತೀರಿ. ಗುಮಾಸ್ತನ ಹತ್ತಿರ ದೊಡ್ಡ ಖಾತೆ ಪುಸ್ತಕ ಇರುತ್ತದೆ. ನಮ್ಮ ಲೆಕ್ಕ ತೋರಿಸಪ್ಪ ಅಂದರೆ ಪುಟ ತೆಗೆಯುತ್ತಾನೆ, ಆದರೆ ಮೇಲಿನ ಸಾಲಿನ ಮೇಲೆ ಒಂದು ಅಂಗೈ, ಕೆಳಗಿನ ಸಾಲಿನ ಮೇಲೆ ಇನ್ನೊಂದು. ನಡುವೆ ನಿಮ್ಮ ಸಾಲು ಮಾತ್ರ ಕಾಣುತ್ತದೆ. ಪಕ್ಕದ ಮನೆಯವರು ಎಷ್ಟು ಮುಂಗಡ ತಗೊಂಡಿದ್ದಾರೆ ಅಂತ ನಿಮಗೆ ಕಾಣಬಾರದು. ತಪ್ಪೇನಿಲ್ಲ, ಅದು ಅವನ ಧರ್ಮ. ಆದರೆ ಆ ಪುಟದಲ್ಲಿ ಒಂದೇ ಸಾಲು ಇದೆ ಅಂತ ನೀವು ಮನೆಗೆ ಹೋಗಿ ಹೇಳಿದರೆ ಅಜ್ಜ ನಗುತ್ತಾನೆ.

ಇನ್ಫರ್ಮೇಶನ್ ಸ್ಕೀಮಾ ಅಂದರೆ ಆ ಗುಮಾಸ್ತ. ಇದು ಯಾರೋ ಒಬ್ಬರ ಡೇಟಾಬೇಸಿನ ವಿಚಿತ್ರ ಗುಣ ಅಲ್ಲ. ಡೇಟಾಬೇಸ್ ಜೊತೆ ಮಾತಾಡುವ ಭಾಷೆ ಎಸ್‌ಕ್ಯೂಎಲ್, ಅದರ 1992ರ ಸ್ಟ್ಯಾಂಡರ್ಡ್‌ನಲ್ಲೇ ಇದನ್ನು ಹೀಗೆ ಕಟ್ಟಿದ್ದಾರೆ: ಕೇಳುವವನಿಗೆ ಯಾವುದರ ಮೇಲೆ ಹಕ್ಕಿದೆಯೋ ಅದು ಮಾತ್ರ ಕಾಣಬೇಕು. ಮೆಟಾಡೇಟಾ, ಅಂದರೆ ಯಾವ ಟೇಬಲ್ ಇದೆ, ಅದರಲ್ಲಿ ಯಾವ ಕಾಲಂ ಇದೆ, ಯಾವುದು ಯಾವುದಕ್ಕೆ ಜೋಡಿಸಿದೆ ಅನ್ನೋ ಮಾಹಿತಿ, ಅದೂ ಮಾಹಿತಿಯೇ. ಸಾಲ ವಸೂಲಿ ಅಂತ ಒಂದು ಟೇಬಲ್ ಇದೆ ಅಂತ ಗೊತ್ತಾದರೆ ಸಾಕು, ಒಳಗೆ ನೋಡದೆಯೇ ಅರ್ಧ ಕಥೆ ತಿಳಿಯುತ್ತದೆ.

ಈಗ ಪರದೆ ನೋಡಿ. ಆರು ಟೇಬಲ್ ಮಾಡಿದ್ದೇನೆ. ಗುಮಾಸ್ತ ಅಂತ ಒಬ್ಬ ಯೂಸರ್ ಮಾಡಿ, ಎರಡು ಟೇಬಲ್ ಮೇಲೆ ಮಾತ್ರ ಓದುವ ಹಕ್ಕು ಕೊಟ್ಟಿದ್ದೇನೆ. ಓನರ್ ಆಗಿ ಇನ್ಫರ್ಮೇಶನ್ ಸ್ಕೀಮಾ ಕೇಳಿದರೆ 6. ಗುಮಾಸ್ತ ಆಗಿ ಅದೇ ಕ್ವೆರಿ, ಅಂದರೆ ಅದೇ ಪ್ರಶ್ನೆ, ಒಂದು ಅಕ್ಷರ ಬದಲಾಯಿಸದೆ, 2. ಈಗ ಗುಮಾಸ್ತ ಆಗಿಯೇ ಪಿಜಿ ಕ್ಯಾಟಲಾಗ್, ಅಂದರೆ ಪೋಸ್ಟ್‌ಗ್ರೆಸ್‌ನ ಆ ಅಸಲಿ ದಾಖಲೆ, ಅದರಲ್ಲಿರುವ ಪಿಜಿ ಕ್ಲಾಸ್ ಅನ್ನೋ ಟೇಬಲನ್ನು ಕೇಳ್ತೀನಿ. 6! ಅಂಗೈ ಅಡ್ಡ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಕ್ಯಾಟಲಾಗ್‌ನ ಬಹುಪಾಲು ಎಲ್ಲರಿಗೂ ತೆರೆದೇ ಇರುತ್ತದೆ. ಟೇಬಲ್ ಒಳಗಿನ ಸಾಲು ಓದೋಕೆ ಬಿಡಲ್ಲ, ಹೆಸರು ಓದೋಕೆ ಬಿಡುತ್ತದೆ. ಪಾಸ್‌ವರ್ಡ್ ಇರುವ ಪಿಜಿ ಆಥ್‌ಐಡಿ, ಕಾಲಂಗಳ ಅಂಕಿಅಂಶ ಇರುವ ಪಿಜಿ ಸ್ಟ್ಯಾಟಿಸ್ಟಿಕ್, ಇಂಥ ಕೆಲವಕ್ಕೆ ಮಾತ್ರ ಬೀಗ.

ಅಂದರೆ ಒಂದೇ ಡೇಟಾಬೇಸ್, ಒಂದೇ ಯೂಸರ್, ಎರಡು ಬಾಗಿಲು, ಎರಡು ಲೆಕ್ಕ. ನಿಮ್ಮ ಟೂಲ್ ಯಾವ ಬಾಗಿಲಿಂದ ಹೋಗುತ್ತದೆ ಅಂತ ನಿಮಗೆ ಗೊತ್ತಿರಬೇಕು. ಜಾವಾ ಭಾಷೆಯ ಪ್ರೋಗ್ರಾಂನಿಂದ ಟೇಬಲ್ ಪಟ್ಟಿ ಕೇಳಿದರೆ ಪೋಸ್ಟ್‌ಗ್ರೆಸ್ ಡ್ರೈವರ್, ಅಂದರೆ ಜಾವಾಗೂ ಡೇಟಾಬೇಸಿಗೂ ನಡುವಿನ ಕೊಂಡಿ, ಪಿಜಿ ಕ್ಯಾಟಲಾಗ್ ಬಾಗಿಲಿಂದ ಹೋಗುತ್ತದೆ, ಹಾಗಾಗಿ ಓದೋಕೆ ಬಾರದ ಟೇಬಲ್‌ಗಳೂ ಪಟ್ಟಿಯಲ್ಲಿ ಬರುತ್ತವೆ. ಅವು ಬೇಡ ಅಂದರೆ ಹೈಡ್ ಅನ್‌ಪ್ರಿವಿಲೆಜ್ಡ್ ಆಬ್ಜೆಕ್ಟ್ಸ್ ಅಂತ ಒಂದು ಸೆಟ್ಟಿಂಗ್ ಇದೆ. ಜಾವಾ ಮಾಡಿದವರಿಗೆ ಈ ಗೊಂದಲ ಮೊದಲೇ ಗೊತ್ತಿತ್ತು ಅನ್ಸುತ್ತೆ, ಡೇಟಾಬೇಸ್ ಮೆಟಾಡೇಟಾ ಇಂಟರ್‌ಫೇಸ್‌ನಲ್ಲಿ 'ಆಲ್ ಟೇಬಲ್ಸ್ ಆರ್ ಸೆಲೆಕ್ಟಬಲ್' ಅಂತಲೇ ಒಂದು ಮೆಥಡ್ ಇಟ್ಟಿದ್ದಾರೆ. ಪಟ್ಟಿಯಲ್ಲಿ ಬಂದ ಟೇಬಲ್‌ಗಳೆಲ್ಲ ಈ ಯೂಸರ್‌ಗೆ ಓದೋಕೆ ಬರುತ್ತವಾ ಅಂತ ಕೇಳೋಕೆ. ಅದನ್ನು ಕರೆದವರನ್ನು ನಾನಂತೂ ನೋಡಿಲ್ಲ.

ಟೇಬಲ್ ಒಂದೇ ಅಲ್ಲ. ರೈತರ ಟೇಬಲ್‌ನಲ್ಲಿ ಹೆಸರು, ಊರು, ಬ್ಯಾಂಕ್ ಖಾತೆ ನಂಬರ್ ಇದೆ ಅಂತ ಇಟ್ಟುಕೊಳ್ಳಿ. ಗುಮಾಸ್ತನಿಗೆ ಹೆಸರು ಮತ್ತು ಊರು ಮಾತ್ರ ಓದುವ ಹಕ್ಕು ಕೊಟ್ಟರೆ, ಇನ್ಫರ್ಮೇಶನ್ ಸ್ಕೀಮಾದ ಕಾಲಂ ಪಟ್ಟಿಯಲ್ಲಿ ಅವನಿಗೆ ಎರಡೇ ಕಾಲಂ. ಬ್ಯಾಂಕ್ ಖಾತೆ ಅನ್ನೋ ಕಾಲಂ ಹುಟ್ಟೇ ಇಲ್ಲ ಅನ್ನೋ ಹಾಗೆ. ಆ ಪಟ್ಟಿ ನೋಡಿ ತಾನೇ ಫಾರ್ಮ್ ಕಟ್ಟುವ ಪ್ರೋಗ್ರಾಂ ಬರೆದಿದ್ದರೆ, ಫಾರ್ಮ್‌ನಲ್ಲೂ ಎರಡೇ ಡಬ್ಬಿ.

ನನಗೆ ಅತಿ ಮಜಾ ಅನಿಸಿದ್ದು ಇನ್ನೊಂದು. ಒಬ್ಬ ಹುಡುಗ ನನ್ನ ಹತ್ತಿರ ಕೆಲಸ ಕಲಿಯೋಕೆ ಬಂದಿದ್ದ. ಡೇಟಾಬೇಸ್ ಹಾಳು ಮಾಡಬಾರದು ಅಂತ ಅವನಿಗೆ ಓದುವ ಹಕ್ಕು ಮಾತ್ರ ಕೊಟ್ಟಿದ್ದೆ, ಎಲ್ಲ ಟೇಬಲ್ ಮೇಲೂ. ಟೇಬಲ್‌ಗಳ ನಕ್ಷೆ ಮಾಡು, ಯಾವುದು ಯಾವುದಕ್ಕೆ ಜೋಡಿಸಿದೆ ಅಂತ ಗೆರೆ ಹಾಕು ಅಂದೆ. ಅವನು ಇನ್ಫರ್ಮೇಶನ್ ಸ್ಕೀಮಾ ಓದಿ ಸ್ಕ್ರಿಪ್ಟ್ ಬರೆದ. ಡಬ್ಬಿಗಳೆಲ್ಲ ಬಂದವು, ಗೆರೆ ಒಂದೂ ಬರಲಿಲ್ಲ. "ಸರ್, ನೀವು ಫಾರಿನ್ ಕೀ ಹಾಕೇ ಇಲ್ಲ" ಅಂತ ನನಗೇ ಬುದ್ಧಿ ಹೇಳಿದ. ಫಾರಿನ್ ಕೀ ಅಂದರೆ ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸುವ ನಿಯಮ. ನಾನೂ ಒಂದು ಕ್ಷಣ ಹೌದೇನೋ ಅಂದುಕೊಂಡೆ! ಆಮೇಲೆ ದಾಖಲೆ ಓದಿದರೆ, ಇಂಥ ನಿಯಮಗಳ ಪಟ್ಟಿ ಕೊಡುವ ಟೇಬಲ್ ಕನ್‌ಸ್ಟ್ರೇಂಟ್ಸ್ ಅನ್ನೋ ವ್ಯೂ (ಟೇಬಲ್ ಹಾಗೆ ಕಾಣುವ, ಹೆಸರಿಟ್ಟು ಉಳಿಸಿದ ಕ್ವೆರಿ) ತೋರಿಸುವುದು ನೀವು ಓನರ್ ಆಗಿರುವ ಟೇಬಲ್‌ಗಳದ್ದು, ಇಲ್ಲವೇ ಸೆಲೆಕ್ಟ್, ಅಂದರೆ ಓದುವ ಹಕ್ಕು, ಬಿಟ್ಟು ಬೇರೆ ಏನಾದರೂ ಹಕ್ಕು ಇರುವ ಟೇಬಲ್‌ಗಳದ್ದು. ಬರೀ ಓದುವವನಿಗೆ ಕನ್‌ಸ್ಟ್ರೇಂಟ್ ಕಾಣಲ್ಲ. ಟೇಬಲ್‌ನಲ್ಲಿ ಏನಾದರೂ ಬದಲಾದಾಗ ತಾನಾಗಿ ಓಡುವ ಟ್ರಿಗರ್‌ಗೂ ಇದೇ ನಿಯಮ. ಬರೆಯುವವನಿಗೆ ತಾನೇ ಕಟ್ಟುಪಾಡು ಬೇಕಾದದ್ದು, ಓದುವವನಿಗೆ ಯಾಕೆ, ಅನ್ನೋ ಲೆಕ್ಕ ಇರಬೇಕು. ನಕ್ಷೆ ಬರೆಯುವವನು ಒಬ್ಬ ಇರ್ತಾನೆ ಅಂತ ಅವರಿಗೆ ನೆನಪಾಗಲಿಲ್ಲ.

ಅದೇ ಹುಡುಗನಿಗೆ ವ್ಯೂಗಳ ಪಟ್ಟಿ ಕಂಡಿತು, ಆದರೆ ವ್ಯೂ ಒಳಗಿನ ಕ್ವೆರಿ ಇರಬೇಕಾದ ಜಾಗದಲ್ಲಿ ನಲ್. ಓನರ್ ಅಲ್ಲದವನಿಗೆ ಹಾಗೇ. ಇದು ಇನ್ನೊಂದು ಬಗೆ ನೋಡಿ: ಸಾಲು ಇದೆ, ಆದರೆ ಸಾಲಿನೊಳಗೆ ಒಂದು ಖಾನೆ ಖಾಲಿ. ಖಾಲಿ ಯಾಕೆ ಅಂತ ಅದು ಹೇಳಲ್ಲ.

ಸ್ಕೀಮಾ ಹಕ್ಕಿನ ಆಟ ಇನ್ನೂ ವಿಚಿತ್ರ. ಸ್ಕೀಮಾ ಅಂದರೆ ಟೇಬಲ್‌ಗಳನ್ನು ಇಡುವ ಒಂದು ಕೋಣೆ. ಗಿರಣಿ ಅಂತ ಒಂದು ಸ್ಕೀಮಾ, ಅದರೊಳಗೆ ಕಾಟಾ ಟೇಬಲ್. ಗುಮಾಸ್ತನಿಗೆ ಟೇಬಲ್ ಮೇಲೆ ಸೆಲೆಕ್ಟ್ ಕೊಟ್ಟೆ, ಸ್ಕೀಮಾ ಮೇಲೆ ಯೂಸೇಜ್, ಅಂದರೆ ಆ ಕೋಣೆಯೊಳಗೆ ಹೋಗುವ ಹಕ್ಕು, ಕೊಡೋಕೆ ಮರೆತೆ. ಈಗ ಇನ್ಫರ್ಮೇಶನ್ ಸ್ಕೀಮಾ ಟೇಬಲನ್ನು ತೋರಿಸುತ್ತದೆ, ಯಾಕಂದರೆ ಅದು ನೋಡುವುದು ಟೇಬಲ್ ಹಕ್ಕು ಮಾತ್ರ. ಸ್ಕೀಮಾ ಹೆಸರು ಸೇರಿಸಿ ಗಿರಣಿ ಡಾಟ್ ಕಾಟಾ ಅಂತ ಓದೋಕೆ ಹೋದರೆ: ಪರ್ಮಿಶನ್ ಡಿನೈಡ್ ಫಾರ್ ಸ್ಕೀಮಾ. ಸರಿ, ಅರ್ಥ ಆಯಿತು. ಸ್ಕೀಮಾ ಹೆಸರು ಬಿಟ್ಟು ಬರೀ ಕಾಟಾ ಅಂತ ಓದೋಕೆ ಹೋದರೆ, ಯಾವ ಸ್ಕೀಮಾಗಳಲ್ಲಿ ಹುಡುಕಬೇಕು ಅಂತ ಹೇಳುವ ಸರ್ಚ್ ಪಾತ್‌ನಲ್ಲಿ ಗಿರಣಿ ಇದ್ದರೂ: ರಿಲೇಶನ್ ಡಸ್ ನಾಟ್ ಎಕ್ಸಿಸ್ಟ್. ಯೂಸೇಜ್ ಇಲ್ಲದ ಸ್ಕೀಮಾವನ್ನು ಸರ್ಚ್ ಪಾತ್ ಸದ್ದಿಲ್ಲದೆ ದಾಟಿಕೊಂಡು ಹೋಗುತ್ತದೆ. ಒಂದೇ ಟೇಬಲ್, ಒಂದೇ ಮನುಷ್ಯ. ಪಟ್ಟಿಯಲ್ಲಿ ಇದೆ, ಪೂರ್ತಿ ಹೆಸರಲ್ಲಿ ಕರೆದರೆ ಅನುಮತಿ ಇಲ್ಲ, ಮೊದಲ ಹೆಸರಲ್ಲಿ ಕರೆದರೆ ಹುಟ್ಟೇ ಇಲ್ಲ. ನಮ್ಮ ಕೆಲವು ನೆಂಟರ ಹಾಗೆ.

ಹಾಗಂತ ಸೊನ್ನೆ ಸಾಲು ಬಂದಾಗಲೆಲ್ಲ ಪರ್ಮಿಶನ್ ಮೇಲೆ ತಪ್ಪು ಹಾಕಬೇಡಿ. ಇಲ್ಲೇ ಮಸ್ಕಿ ಇದೆ ಅಲ್ವಾ. ಅಶೋಕನ ಶಾಸನಗಳನ್ನು 1837ರಲ್ಲೇ ಜೇಮ್ಸ್ ಪ್ರಿನ್ಸೆಪ್ ಅನ್ನೋ ಇಂಗ್ಲಿಷ್ ವಿದ್ವಾಂಸ ಓದಿದ್ದ, ಆದರೆ ಅವುಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನೋ ಬಿರುದು. ಅಶೋಕ ಅನ್ನೋ ಹೆಸರು 1915ರಲ್ಲಿ ಮಸ್ಕಿಯ ಬಂಡೆ ಮೇಲೆ ಸಿಕ್ಕಿತು, ಅದೂ ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನೋ ಇಂಜಿನಿಯರ್ ಕಣ್ಣಿಗೆ. ಅಲ್ಲಿಯ ತನಕ ಅಶೋಕ ಅಂತ ಹುಡುಕಿದ್ದರೆ ಸೊನ್ನೆ ಸಾಲು. ಶಾಸನ ಇರಲಿಲ್ಲ ಅಂತಲ್ಲ, ಬೇರೆ ಹೆಸರಲ್ಲಿತ್ತು. ಡೇಟಾಬೇಸಲ್ಲೂ ಹೀಗಾಗುತ್ತದೆ. ಹೆಸರಿಗೆ ಕೋಟ್ (ಉದ್ಧರಣ ಚಿಹ್ನೆ) ಹಾಕದೆ ಟೇಬಲ್ ಮಾಡಿದರೆ ಪೋಸ್ಟ್‌ಗ್ರೆಸ್ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಕ್ಕೆ ಬದಲಾಯಿಸುತ್ತದೆ, ಒರಾಕಲ್ ಅನ್ನೋ ಇನ್ನೊಂದು ಡೇಟಾಬೇಸ್ ದೊಡ್ಡ ಅಕ್ಷರಕ್ಕೆ. ನೀವು ಇಟ್ಟ ಹೆಸರಲ್ಲೇ ಹುಡುಕಿದರೆ ಸಿಗಲ್ಲ. ಮೊದಲು ಅದನ್ನು ನೋಡಿ, ಆಮೇಲೆ ಪರ್ಮಿಶನ್.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ನಕ್ಷೆಯಲ್ಲಿ ಗೆರೆ ಬರಲಿಲ್ಲ ಅಂದರೆ ನಗಬಹುದು. ಬ್ಯಾಕಪ್‌ನಲ್ಲಿ ಡೇಟಾಬೇಸ್ ಬರಲಿಲ್ಲ ಅಂದರೆ ನಗೋಕಾಗಲ್ಲ.

ಮೈಎಸ್‌ಕ್ಯೂಎಲ್ ಅನ್ನೋ ಮತ್ತೊಂದು ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ ಶೋ ಡೇಟಾಬೇಸಸ್ ಅಂತ ಕೊಟ್ಟರೆ ನಿಮಗೆ ಏನಾದರೂ ಒಂದು ಹಕ್ಕು ಇರುವ ಡೇಟಾಬೇಸ್‌ಗಳು ಮಾತ್ರ ಬರುತ್ತವೆ. ಎಲ್ಲ ಕಾಣಬೇಕು ಅಂದರೆ ಶೋ ಡೇಟಾಬೇಸಸ್ ಅನ್ನೋ ಹೆಸರಿನದೇ ಒಂದು ಗ್ಲೋಬಲ್ ಹಕ್ಕು ಬೇಕು. ಈಗ ಅದರ ಬ್ಯಾಕಪ್ ಟೂಲ್ ಮೈಎಸ್‌ಕ್ಯೂಎಲ್‌ಡಂಪ್ ತಗೊಳ್ಳಿ. ಆಲ್ ಡೇಟಾಬೇಸಸ್ ಅಂತ ಆಪ್ಷನ್ ಕೊಡ್ತೀರಿ. ಹೆಸರು ಕೇಳಿದರೆ ಎಲ್ಲ ಬರಬೇಕು. ಆದರೆ ಅದೂ ಒಳಗೆ ಶೋ ಡೇಟಾಬೇಸಸ್ ಅಂತಲೇ ಕೇಳುವುದು. ಬ್ಯಾಕಪ್ ಯೂಸರ್‌ಗೆ ಕಾಣದ ಡೇಟಾಬೇಸ್ ಡಂಪ್‌ನಲ್ಲಿ ಇರಲ್ಲ, ಎರರ್ ಬರಲ್ಲ, ಎಚ್ಚರಿಕೆ ಬರಲ್ಲ, ದಿನಾ ರಾತ್ರಿ ಫೈಲ್ ಮಾತ್ರ ಚೆನ್ನಾಗಿ ಬರುತ್ತಾ ಇರುತ್ತದೆ. ಟ್ರಿಗರ್ ಕೂಡ ಹಾಗೇ: ಟೇಬಲ್ ಮೇಲೆ ಟ್ರಿಗರ್ ಅನ್ನೋ ಹಕ್ಕು ಇಲ್ಲದಿದ್ದರೆ ಆ ಟೇಬಲ್‌ನ ಟ್ರಿಗರ್‌ಗಳು ಪಟ್ಟಿಯಲ್ಲೇ ಇಲ್ಲ, ಪಟ್ಟಿಯಲ್ಲಿ ಇಲ್ಲ ಅಂದರೆ ಡಂಪ್‌ನಲ್ಲೂ ಇಲ್ಲ. ನನಗೆ ಗೊತ್ತಿರುವ ಒಂದು ಅಂಗಡಿಯಲ್ಲಿ ಸರ್ವರ್ ಹೋಗಿ ಬ್ಯಾಕಪ್‌ನಿಂದ ಎತ್ತಿದರು. ಎಲ್ಲ ಸರಿ ಇದೆ ಅಂತ ಪೇಡೆ ಹಂಚಿದರು. ಸ್ಟಾಕ್ ಕಡಿಮೆ ಮಾಡುವ ಟ್ರಿಗರ್ ಬಂದಿರಲಿಲ್ಲ. ಮಾಲು ಮಾರಿದರೂ ಮಾರಿದರೂ ಸ್ಟಾಕ್ ಹಾಗೇ ಇತ್ತು. ದ್ರೌಪದಿಯ ಅಕ್ಷಯ ಪಾತ್ರೆ!

ಇದಕ್ಕೆ ಹೋಲಿಸಿದರೆ ಪೋಸ್ಟ್‌ಗ್ರೆಸ್‌ನ ಬ್ಯಾಕಪ್ ಟೂಲ್ ಪಿಜಿ ಡಂಪ್ ಒರಟು ಮನುಷ್ಯ, ಆದರೆ ಪ್ರಾಮಾಣಿಕ. ಅದು ಪಿಜಿ ಕ್ಯಾಟಲಾಗ್ ಓದುವುದರಿಂದ ಎಲ್ಲ ಟೇಬಲ್ ಅದಕ್ಕೆ ಕಾಣುತ್ತವೆ. ಓದೋಕೆ ಮೊದಲು ಪ್ರತಿ ಟೇಬಲ್‌ಗೂ ಲಾಕ್ ಹಾಕೋಕೆ ಹೋಗುತ್ತದೆ. ಹಕ್ಕಿಲ್ಲದ ಒಂದೇ ಒಂದು ಟೇಬಲ್ ಸಿಕ್ಕರೂ ಪರ್ಮಿಶನ್ ಡಿನೈಡ್ ಅಂತ ಕೂಗಿ ಅಲ್ಲೇ ನಿಲ್ಲುತ್ತದೆ. ಬ್ಯಾಕಪ್ ಆಗಲಿಲ್ಲ ಅಂತ ಬೇಜಾರು, ಆದರೆ ಆಗಲಿಲ್ಲ ಅಂತ ಗೊತ್ತಾದರೂ ಆಯಿತಲ್ಲ. ಬ್ಯಾಕಪ್ ವಿಷಯದಲ್ಲಿ ನನಗೆ ಕೂಗುವವನೇ ಇಷ್ಟ.

ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೊಂದು ಹೇಳಿ ಬಿಡ್ತೀನಿ. ಜಾವಾದಿಂದ ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸ್ ಒಳಗೇ ಬರೆದಿಟ್ಟ ಪ್ರೋಗ್ರಾಂ, ಕರೆಯುವಾಗ ಡ್ರೈವರ್‌ಗೆ ಅದರ ಪ್ಯಾರಾಮೀಟರ್‌ಗಳು, ಅಂದರೆ ಅದಕ್ಕೆ ಕೊಟ್ಟು ತಗೊಳ್ಳುವ ಮೌಲ್ಯಗಳು, ಯಾವ ಬಗೆ ಅಂತ ಗೊತ್ತಾಗಬೇಕು. ಪ್ರೊಸೀಜರ್ ಒಳಗೆ ನೋಡೋಕೆ ಹಕ್ಕಿಲ್ಲದ ಯೂಸರ್‌ಗಾಗಿ 'ನೋ ಆಕ್ಸೆಸ್ ಟು ಪ್ರೊಸೀಜರ್ ಬಾಡೀಸ್' ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಡ್ರೈವರ್ ಒಳಗೆ ಇಣುಕುವ ಆಸೆ ಬಿಟ್ಟು, ಎಲ್ಲ ಪ್ಯಾರಾಮೀಟರೂ ಇನ್‌ಔಟ್ ವಾರ್‌ಚಾರ್, ಅಂದರೆ ಒಳಗೂ ಹೊರಗೂ ಹೋಗುವ ಅಕ್ಷರಗಳು, ಅಂತ ಊಹೆ ಮಾಡಿಕೊಳ್ಳುತ್ತದೆ. ಪರ್ಮಿಶನ್ ಕಡಿಮೆ ಆದಾಗ ಮೆಟಾಡೇಟಾ ಮಾಯ ಆಗುವುದನ್ನು ನೋಡಿದೆವು, ಇಲ್ಲಿ ಮೆಟಾಡೇಟಾ ಸುಳ್ಳೇ ಆಗುತ್ತದೆ. ನಂಬರ್ ಹೋಗಿ ಅಕ್ಷರ.

ಒರಾಕಲ್‌ನವರು ಮಾತ್ರ ಇದನ್ನು ಹೆಸರಲ್ಲೇ ಬರೆದಿಟ್ಟಿದ್ದಾರೆ. ಯೂಸರ್ ಟೇಬಲ್ಸ್, ಆಲ್ ಟೇಬಲ್ಸ್, ಡಿಬಿಎ ಟೇಬಲ್ಸ್. ನನ್ನವು, ನನಗೆ ಕಾಣುವವು, ಇರುವವು. ನಡುವಿನ ಆಲ್ ಅನ್ನೋ ಪದಕ್ಕೆ ಮೋಸ ಹೋಗಬೇಡಿ, ಅದು ಎಲ್ಲ ಅಲ್ಲ. ಡಿಬಿಎ, ಅಂದರೆ ಡೇಟಾಬೇಸ್ ನಿರ್ವಾಹಕನ ಪಟ್ಟಿ, ನೋಡೋಕೆ ಬೇರೆ ಹಕ್ಕು ಬೇಕು, ಇಲ್ಲದಿದ್ದರೆ ಒರಾಕಲ್‌ನ ಆ ಪ್ರಸಿದ್ಧ 942ನೇ ಎರರ್: ಟೇಬಲ್ ಆರ್ ವ್ಯೂ ಡಸ್ ನಾಟ್ ಎಕ್ಸಿಸ್ಟ್. ಇದ್ದೇ ಇರುವ ಟೇಬಲ್‌ಗೂ ಹಕ್ಕಿಲ್ಲ ಅಂದರೆ ಅದೇ ಮಾತು. ಒಳಗಿದ್ದುಕೊಂಡೇ 'ಸಾಹೇಬರು ಊರಲ್ಲಿಲ್ಲ' ಅಂತ ಹೇಳಿ ಕಳಿಸಿದ ಹಾಗೆ.

ಒರಾಕಲ್‌ನಲ್ಲಿ ಜನ ತಲೆ ಕೆಡಿಸಿಕೊಳ್ಳುವ ಜಾಗ ಇನ್ನೊಂದು. ಆಲ್ ಟೇಬಲ್ಸ್ ಕ್ವೆರಿ ನೇರವಾಗಿ ಓಡಿಸಿದರೆ ಟೇಬಲ್ ಕಾಣುತ್ತದೆ. ಅದೇ ಕ್ವೆರಿಯನ್ನು ಒಂದು ಪ್ರೊಸೀಜರ್ ಒಳಗೆ ಹಾಕಿ ಓಡಿಸಿದರೆ ಕಾಣಲ್ಲ. ಅದೇ ಯೂಸರ್, ಅದೇ ಲಾಗಿನ್. ಕಾರಣ ಇಷ್ಟೇ: ಮಾಮೂಲಿ ಪ್ರೊಸೀಜರ್, ಅಂದರೆ ಡಿಫೈನರ್ (ಅದನ್ನು ಬರೆದಿಟ್ಟವನ) ಹಕ್ಕಿನಲ್ಲಿ ಓಡುವಂಥದ್ದು, ಒಳಗೆ ರೋಲ್‌ಗಳನ್ನು, ಅಂದರೆ ಹಕ್ಕುಗಳ ಗುಂಪುಗಳನ್ನು, ಲೆಕ್ಕಕ್ಕೆ ತಗೊಳ್ಳಲ್ಲ. ರೋಲ್ ಮೂಲಕ ಬಂದ ಹಕ್ಕು ಅಲ್ಲಿ ಕೆಲಸ ಮಾಡಲ್ಲ, ನೇರವಾಗಿ ಗ್ರಾಂಟ್ ಮಾಡಿದ್ದು ಮಾತ್ರ. ಇದಕ್ಕೆ ವಾರಗಟ್ಟಲೆ ಕಳೆದವರಿದ್ದಾರೆ.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ನಾನು ಜಾಸ್ತಿ ಬಳಸಿಲ್ಲ, ಆದ್ದರಿಂದ ಎರಡೇ ಮಾತು. 2005ನೇ ಆವೃತ್ತಿಯಿಂದ ಅಲ್ಲೂ ಅಂಗೈ ಅಡ್ಡ ಬಂತು. ಹಕ್ಕಿಲ್ಲದ ಟೇಬಲ್‌ನ ಐಡಿ ಕೇಳಿದರೆ ನಲ್ ಬರುತ್ತದೆ. ಓದೋಕೆ ಬಿಡದೆ ವಿವರ ಮಾತ್ರ ತೋರಿಸಬೇಕು ಅಂದರೆ ವ್ಯೂ ಡೆಫಿನಿಶನ್ ಅನ್ನೋ ಪ್ರತ್ಯೇಕ ಹಕ್ಕು ಇದೆ. ಮೆಟಾಡೇಟಾ ನೋಡುವುದನ್ನು ಡೇಟಾ ಓದುವುದರಿಂದ ಬಿಡಿಸಿ ಇಟ್ಟಿರುವುದು ನನಗೆ ಹಿಡಿಸಿತು. ನಕ್ಷೆ ಬರೆಯುವ ಹುಡುಗನಿಗೆ ಕೊಡಬೇಕಾದದ್ದು ಇದನ್ನೇ.

ಮುಚ್ಚಿಡುವುದು ಯಾಕೆ ಅಂತ ಒಂದು ಮಾತು. ವೆಬ್‌ಸೈಟ್ ಒಡೆದು ಒಳಗೆ ಬಂದವನು, ಎಸ್‌ಕ್ಯೂಎಲ್ ಇಂಜೆಕ್ಷನ್ ಅಂತೀವಲ್ಲ, ಅವನು ಮೊದಲು ಕೇಳುವುದೇ ಇನ್ಫರ್ಮೇಶನ್ ಸ್ಕೀಮಾವನ್ನು. ಮನೆಗೆ ನುಗ್ಗಿದ ಕಳ್ಳ ಬೀರು ಎಲ್ಲಿದೆ ಅಂತ ನೋಡುವ ಹಾಗೆ. ನಿಮ್ಮ ವೆಬ್‌ಸೈಟ್ ಯೂಸರ್‌ಗೆ ಎರಡೇ ಟೇಬಲ್ ಹಕ್ಕಿದ್ದರೆ ಅವನಿಗೂ ಎರಡೇ ಕಾಣುತ್ತವೆ. ಆದರೆ ಪೋಸ್ಟ್‌ಗ್ರೆಸ್‌ನಲ್ಲಿ ಇದನ್ನೇ ನಂಬಿ ಕೂರಬೇಡಿ, ಹಿಂದಿನ ಬಾಗಿಲು ತೆರೆದಿದೆ ಅಂತ ಆಗಲೇ ನೋಡಿದಿರಿ. ಫಂಕ್ಷನ್‌ನ ಒಳಗಿನ ಕೋಡ್ ಇನ್ಫರ್ಮೇಶನ್ ಸ್ಕೀಮಾದಲ್ಲಿ ಓನರ್ ಅಲ್ಲದವರಿಗೆ ನಲ್. ಅದೇ ಕೋಡ್ ಪಿಜಿ ಪ್ರಾಕ್ ಅನ್ನೋ ಟೇಬಲ್‌ನಲ್ಲಿ ಎಲ್ಲರಿಗೂ ಪೂರ್ತಿ ಕಾಣುತ್ತದೆ. ಫಂಕ್ಷನ್ ಒಳಗೆ ಪಾಸ್‌ವರ್ಡ್ ಬರೆದಿಟ್ಟವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಬೇಡಿ, ಸುಮ್ನೆ ಮನೆಗೆ ಹೋಗಿ ತೆಗೆಯಿರಿ.

ನಾನು ಈಗ ಏನು ಮಾಡ್ತೀನಿ? ಟೇಬಲ್ ಮಾಡುವ ಯೂಸರ್ ಒಬ್ಬನೇ, ಎಲ್ಲ ಗಿರಣಿಯಲ್ಲೂ ಅವನೇ ಓನರ್. ಟೇಬಲ್ ಇದೆಯಾ ಅಂತ ಕೇಳುವುದು ಪಿಜಿ ಕ್ಲಾಸ್‌ಗೆ, ಮುಟ್ಟಬಹುದಾ ಅಂತ ಕೇಳುವುದು ಹ್ಯಾಸ್ ಟೇಬಲ್ ಪ್ರಿವಿಲೆಜ್ ಅನ್ನೋ ಫಂಕ್ಷನ್‌ಗೆ. ಇವು ಎರಡು ಬೇರೆ ಪ್ರಶ್ನೆ ಅಂತ ಗೊತ್ತಾಗೋಕೆ ನನಗೆ ಎರಡು ದಿನದ ಲಾರಿ ತೂಕ ಬೇಕಾಯಿತು. ಇಫ್ ನಾಟ್ ಎಕ್ಸಿಸ್ಟ್ಸ್, ಅಂದರೆ 'ಇಲ್ಲದಿದ್ದರೆ ಮಾತ್ರ ಮಾಡು' ಅಂತ, ಹಾಕಿದರೆ ಸಾಕಲ್ವಾ ಅಂತ ಹಿಂದಿನ ಬೆಂಚು ಹೇಳ್ತಿದೆ. ಹಾಕಬಹುದು. ಆಗ ಇನ್‌ಸ್ಟಾಲ್ ಸದ್ದಿಲ್ಲದೆ ಮುಗಿಯುತ್ತದೆ, ನಾನು ಮನೆಗೆ ಹೋಗಿ ಮಲಗ್ತೀನಿ, ಬೆಳಿಗ್ಗೆ ಮೊದಲ ಲಾರಿ ಕಾಟಾ ಮೇಲೆ ಬಂದಾಗ ಪರ್ಮಿಶನ್ ಡಿನೈಡ್ ಬರುತ್ತದೆ. ಎಡವಟ್ಟು ನನ್ನ ಮುಂದೆ ಆಗುವುದು ವಾಸಿ.

ಇನ್ನೊಂದು ಹಳ್ಳ ಇದೆ. ಸ್ಕೀಮಾದ ಎಲ್ಲ ಟೇಬಲ್ ಮೇಲೆ ಸೆಲೆಕ್ಟ್ ಕೊಡು ಅಂತ ಗ್ರಾಂಟ್ ಮಾಡಿದರೆ ಅದು ಇವತ್ತು ಇರುವ ಟೇಬಲ್‌ಗಳಿಗೆ ಮಾತ್ರ. ನಾಳೆ ಹುಟ್ಟುವ ಟೇಬಲ್‌ಗೆ ಅನ್ವಯಿಸಲ್ಲ. ಅದಕ್ಕೆ ಆಲ್ಟರ್ ಡಿಫಾಲ್ಟ್ ಪ್ರಿವಿಲೆಜಸ್ ಅನ್ನೋ ಆಜ್ಞೆ ಬೇಕು, ಅದೂ ಯಾವ ರೋಲ್ ಟೇಬಲ್ ಮಾಡುತ್ತದೋ ಆ ರೋಲ್‌ಗೆ ಸರಿಯಾಗಿ ಹೇಳಿರಬೇಕು. ತಿಂಗಳಿಗೊಂದು ಟೇಬಲ್ ಮಾಡುವ ಕಡೆ ಇದು ಗ್ಯಾರಂಟಿ ಕಾಡುತ್ತದೆ: ಒಂದನೇ ತಾರೀಕು ರಿಪೋರ್ಟ್ ಖಾಲಿ. ಮತ್ತೆ ಲಾಗ್‌ನಲ್ಲಿ, ಮೆಟಾಡೇಟಾ ಕ್ವೆರಿ ಓಡಿಸುವ ಮೊದಲು, ಈಗ ಯಾವ ಯೂಸರ್ ಅಂತ ಕರೆಂಟ್ ಯೂಸರ್ ಕೇಳಿ ಬರೆಸ್ತೀನಿ. ಸೊನ್ನೆ ಬಂದರೆ ಯಾರಿಗೆ ಸೊನ್ನೆ ಅಂತ ಗೊತ್ತಾಗಬೇಕಲ್ಲ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಮೂರು ಜನ ಎದ್ದರು. ಮೊದಲನೆಯವಳು ಕೇಳಿದ್ದು, ಎಲ್ಲರಿಗೂ ಸೂಪರ್‌ಯೂಸರ್ ಕೊಟ್ಟುಬಿಟ್ಟರೆ ಈ ತಾಪತ್ರಯವೇ ಇಲ್ಲ ಅಲ್ವಾ ಸರ್. ಸಭೆ ನಕ್ಕಿತು, ಆದರೆ ಪ್ರಶ್ನೆ ಪೆದ್ದು ಅಲ್ಲ. ಬಹಳ ಕಡೆ ನಡೆಯುವುದು ಅದೇ. ಓದುವ ತೊಂದರೆ ತೀರುತ್ತದೆ, ನಿಜ. ಪೋಸ್ಟ್‌ಗ್ರೆಸ್ 14ರಿಂದ ಪಿಜಿ ರೀಡ್ ಆಲ್ ಡೇಟಾ ಅಂತ ಸಿದ್ಧ ರೋಲ್ ಇದೆ, ಓದುವವರಿಗೆ ಅದನ್ನು ಕೊಡಿ, ಸೂಪರ್‌ಯೂಸರ್ ಬೇಡ ಅಂದೆ. ಎರಡನೆಯವನು, ಬೇರೆಯವರ ಕ್ವೆರಿ ಯಾವುದು ಓಡ್ತಿದೆ ಅಂತ ನೋಡಿದರೆ ಇನ್‌ಸಫಿಶಿಯೆಂಟ್ ಪ್ರಿವಿಲೆಜ್ ಅಂತ ಬರುತ್ತೆ ಅಂದ. ಅದಕ್ಕೂ ಪಿಜಿ ರೀಡ್ ಆಲ್ ಸ್ಟ್ಯಾಟ್ಸ್ ಅಂತ ರೋಲ್ ಇದೆ, 10ನೇ ಆವೃತ್ತಿಯಿಂದ. ನೋಡಿ, ಅಲ್ಲಿ ಕನಿಷ್ಠ ಹಕ್ಕಿಲ್ಲ ಅಂತ ಬಾಯಿಬಿಟ್ಟು ಹೇಳುತ್ತದೆ.

ಮೂರನೆಯವನದ್ದು ಒಳ್ಳೆ ಪ್ರಶ್ನೆ. ಪ್ರಾಜೆಕ್ಟ್‌ಗೆ ಅಂತ ಒಂದು ಸ್ಕ್ರಿಪ್ಟ್ ಬರೆದಿದ್ದನಂತೆ, ಇನ್ಫರ್ಮೇಶನ್ ಸ್ಕೀಮಾದಲ್ಲಿ ಟೇಬಲ್ ಎಣಿಸುವುದು. ರಾತ್ರಿ ತಾನಾಗಿ ಓಡಿದಾಗ 14, ಹಗಲು ತಾನೇ ಕೂತು ಅದೇ ಕ್ವೆರಿ ಓಡಿಸಿದರೆ 9. "ನೀವು ಹೇಳಿದ ಹಂಗ ಯೂಸರ್ ಹೆಸರೂ ಬರೆಸೀನ್ರಿ ಸರ್, ಎರಡೂ ಕಡೆ ಒಂದೇ ಯೂಸರ್." ಲ್ಯಾಪ್‌ಟಾಪ್ ತಾ ಅಂದೆ. ರಾತ್ರಿಯ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಸೆಟ್ ರೋಲ್ ಇತ್ತು, ಎಲ್ಲಿಂದಲೋ ನಕಲು ಮಾಡುವಾಗ ಬಂದಿದ್ದು. ಅವನ ಯೂಸರನ್ನು ನೋ ಇನ್ಹೆರಿಟ್ ಅಂತ ಮಾಡಿದ್ದರು, ಅಂದರೆ ಗುಂಪಿನ ಸದಸ್ಯ ಆಗಿದ್ದರೂ ಸೆಟ್ ರೋಲ್ ಅಂತ ಕೊಡುವ ತನಕ ಗುಂಪಿನ ಹಕ್ಕು ಕೈಗೆ ಬರಲ್ಲ. ರಾತ್ರಿ ಅವನು ಗುಂಪಾಗಿದ್ದ, ಹಗಲು ಒಂಟಿಯಾಗಿದ್ದ. ಮತ್ತೆ ಲಾಗ್‌ನಲ್ಲಿ ಎರಡೂ ಕಡೆ ಒಂದೇ ಹೆಸರು ಯಾಕೆ ಬಂತು ಅಂತ ಕೆಳಗೆ ಇಳಿದು ನೋಡಿದರೆ, ಅವನು ಬರೆಸಿದ್ದು ಕರೆಂಟ್ ಯೂಸರ್ ಅಲ್ಲ, ಸೆಷನ್ ಯೂಸರ್. ಲಾಗಿನ್ ಆದವನ ಹೆಸರು ಅದು. ರೋಲ್ ಬದಲಾದರೂ ಅದು ಬದಲಾಗಲ್ಲ.